ನಾಲ್ಕೂ ಕಡೆ ಕೆಂಪು

ವಖಾರಿ ಚೌಕದಲ್ಲಿ ಈಗ ವಖಾರಿ ಇಲ್ಲ.
ಬಿಬ್ವೇವಾಡಿಯಿಂದ ಇಳಿಯುವ ರಸ್ತೆ, ಕಾತ್ರಜಿಗೆ ಏರುವ ರಸ್ತೆ,
ಅಡ್ಡ ಹಾಯುವ ಇನ್ನೆರಡು, ಒಂದು ಆಲದ ಮರ,
ಬುಡದಲ್ಲಿ ನನ್ನ ಇಸ್ತ್ರಿ ಗಾಡಿ.
ಹದಿನೆಂಟು ವರ್ಷದಿಂದ ಇಲ್ಲೇ ನಿಂತು
ಪುಣೆಯ ಸುಕ್ಕು ಬಿಡಿಸುತ್ತಿದ್ದೇನೆ.

ಅಂಗಿಯ ಸುಕ್ಕಿಗೆ ಒಂದು ಕಾವು ಸಾಕು.
ಚೌಕದ ಸುಕ್ಕು ಬೇರೆ.
ಕೆಂಪು ಬಿದ್ದ ಮೇಲೆ ನುಗ್ಗುವವನು
ತಪ್ಪು ಮಾಡುವವನ ಹಾಗೆ ಬರುವುದಿಲ್ಲ;
ಮುಹೂರ್ತ ಮೀರಿದ ಮದುವೆಗೆ ಹೊರಟವನ ಹಾಗೆ ಬರುತ್ತಾನೆ,
ಹಾರ್ನು ಒತ್ತುತ್ತ,
ರಸ್ತೆಯೇ ತನಗೆ ಸಾಲ ತೀರಿಸಬೇಕು ಎಂಬಂತೆ.

ಪೆಂಢಾರ್ಕರ್ ಟೀಚರ ಸೊಂಟ ಮುರಿದದ್ದು ಇಲ್ಲೇ.
ಶ್ರಾವಣದ ಬೆಳಿಗ್ಗೆ, ಕೈಯಲ್ಲಿ ಅರ್ಧ ಲೀಟರ್ ಹಾಲು.
ಕಂಬದಲ್ಲಿ ಹಸಿರು ಮನುಷ್ಯ ನಡೆಯುತ್ತಿದ್ದ,
ಅವರು ಅವನನ್ನು ನಂಬಿದರು.
ಹಾಲಿನ ಪೊಟ್ಟಣ ಒಡೆಯಲಿಲ್ಲ.
ಅದನ್ನೇ ಹೇಳಿಕೊಂಡು ಎರಡು ತಿಂಗಳು ಹಾಸಿಗೆಯಲ್ಲಿ ನಕ್ಕರು.

ಮೂರನೇ ತಿಂಗಳು, ಮೂರನೇ ಮಹಡಿಯಿಂದ
ಹಗ್ಗ ಕಟ್ಟಿದ ಬುಟ್ಟಿಯೊಂದು ನನ್ನ ಗಾಡಿಗೆ ಇಳಿಯಿತು.
ಒಳಗೆ ಒಂದು ವಹಿ, ಒಂದು ಪೆನ್ನು, ನಾಲ್ಕು ಚಕ್ಕಲಿ.
ಮೇಲಿನಿಂದ ದನಿ:
"ರೇವಣಪ್ಪಾ, ದಿನವಿಡೀ ನಿಂತೇ ಇರುತ್ತೀಯಲ್ಲ,
ಎಣಿಸು."

ಎಣಿಸಿದೆ.
ಕಾಲರಿಗೊಂದು ಕಣ್ಣು, ಕಂಬಕ್ಕೊಂದು ಕಣ್ಣು.
ಸಂಜೆ ಬುಟ್ಟಿ ಮೇಲೇರುತ್ತಿತ್ತು:
ಮಂಗಳವಾರ ೨೧೪.
ಬುಧವಾರ ೧೯೭, ಮಳೆ.
ಗುರುವಾರ ೨೩೦, ಅದರಲ್ಲಿ ಪೊಲೀಸ್ ಜೀಪು ಒಂದು.
ಒಬ್ಬ ವಕೀಲರ ಶರ್ಟಿನ ಬೆನ್ನು ಸುಟ್ಟೆ. ಅದನ್ನೂ ಬರೆದೆ.

ಶನಿವಾರ, ಸಂಜೆ ಏಳು ಹತ್ತು.
ಕೆಂಪು ಬಿದ್ದು ಎರಡು ಉಸಿರಾಗಿತ್ತು.
ಹಾರಿ ಬಂದ ಸ್ಕೂಟರಿನ ಮುಂದೆ ಬಿಳಿ ಗಂಟು,
ನಾನೇ ಕಟ್ಟಿದ ಗಂಟು.
ಮಗಳು ಅಂಬವ್ವ.
'ಸಿ' ವಿಂಗಿನ ಬಟ್ಟೆ ಇನ್ನೂ ಮುಟ್ಟಿಲ್ಲ ಎಂದು
ಮಧ್ಯಾಹ್ನದಿಂದ ಬೈದವನೂ ನಾನೇ.
ಪೆನ್ನು ನಿಂತಿತು.
ಪೆಟ್ಟಿಗೆಯ ಕೆಂಡ ಬೂದಿ ಹೊದೆಯಿತು.
ಆಮೇಲೆ ಒಂದು ಗೆರೆ ಎಳೆದೆ,
ಉಳಿದವಕ್ಕಿಂತ ಉದ್ದವೂ ಅಲ್ಲ, ಗಿಡ್ಡವೂ ಅಲ್ಲ.

ಪಾಲಿಕೆಯ ಇಂಜಿನಿಯರು ವಹಿಯನ್ನು
ತಲೆಕೆಳಗು ಮಾಡಿಯೂ ನೋಡಿದರಂತೆ.
ಹುಮನಾಬಾದಿನಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತ ಅಂಕಿ;
ನನ್ನ ಏಳು ಅವರಿಗೆ ಸುರುಳಿ ಸುತ್ತಿದ ಹುಳ.
ಟೀಚರು ವಾಕರ್ ಪಕ್ಕಕ್ಕಿಟ್ಟು ಕೂತು
ಒಂದೊಂದೂ ಓದಿ ಹೇಳಿದರು.
ಯಾವಾಗ ಕಲಿತರೋ, ನನಗೂ ಹೇಳಿರಲಿಲ್ಲ.

ಕ್ಯಾಮೆರಾ ಬರಲಿಲ್ಲ.
ಅದಕ್ಕೆ ಟೆಂಡರು, ಟೆಂಡರಿಗೆ ಚುನಾವಣೆ ಅಡ್ಡ.
ನಗರಸೇವಕರು ನಗುವ ಫ್ಲೆಕ್ಸು ಮಾತ್ರ ಬಂತು,
ಕೆಂಪು ದೀಪವನ್ನೇ ಮುಚ್ಚಿಕೊಂಡು.
ರಾತ್ರಿ ಅದನ್ನು ಯಾರೋ ಬಿಚ್ಚಿದರು.
ನನ್ನ ಗಾಡಿಯ ಚಪ್ಪರ ಈಗ ಸೋರುವುದಿಲ್ಲ.

ದೀಪ ದೂರದಿಂದಲೇ ಕಾಣಲೆಂದು
ಆಲದ ಒಂದು ಕೊಂಬೆ ಇಳಿಸಿದರು.
ಮತ್ತೆ, ಮೂರು ಸೆಕೆಂಡು ಕೊಟ್ಟರು.
ಒಂದು ಕಡೆಯ ಹಸಿರು ಆರಿದ ಮೇಲೆ
ಇನ್ನೊಂದು ಕಡೆಯದು ಹೊತ್ತುವ ಮೊದಲು
ನಾಲ್ಕೂ ಕಡೆ ಕೆಂಪು.

ಆ ಮೂರು ಸೆಕೆಂಡು ಯಾರದೂ ಅಲ್ಲ.
ನುಗ್ಗುವವನು ಈಗಲೂ ನುಗ್ಗುತ್ತಾನೆ,
ಅವನ ಮುಹೂರ್ತ ಇನ್ನೂ ಮೀರುತ್ತಲೇ ಇದೆ.
ಆದರೆ ಎದುರಿಗೆ, ನಡುರಸ್ತೆಯಲ್ಲಿ,
ಹಾಲು ಹಿಡಿದವರು ಯಾರೂ ಇರುವುದಿಲ್ಲ.
ಮುಂದೆ ಬೇಕಾದೀತೆಂದು ದರ್ಜಿ
ಹೊಲಿಗೆಯೊಳಗೆ ಮಡಿಸಿ ಬಿಟ್ಟ ಬಟ್ಟೆಯ ಹಾಗೆ
ಅಷ್ಟು ಜಾಗ.

ವಹಿ ಮುಗಿದಿಲ್ಲ. ನಿನ್ನೆ ೮೮.
ಅಂಬವ್ವ ಆ ಗೆರೆ ನೋಡಿದ್ದಾಳೋ ಇಲ್ಲವೋ, ಕೇಳಿಲ್ಲ.
ಕೆಂಪಿಗೆ ಕಾಲೂರಿ ನಿಲ್ಲುತ್ತಾಳೆ,
ಹಿಂದಿನವನ ಹಾರ್ನು ಕೇಳಿಸದವಳಂತೆ,
ಗಂಟಿನ ಮೇಲೆ ಒಂದು ಕೈ.

ಮೇಲಿನಿಂದ ಬುಟ್ಟಿ ಇಳಿಯುತ್ತಿದೆ.
ಇವತ್ತು ಬರೀ ಒಂದು ಸೀರೆ, ಜೊತೆಗೆ ಚೀಟಿ:
೧೭ನೇ ತಾರೀಖಿಗೆ ಬೇಕು, ಜರಿ ಜೋಪಾನ.
ಏಳಿನ ಬಾಲ ಮಾತ್ರ
ತಿರುವುಮುರುವು.